ಬೋರಲು ಹಾಸಿದ ಚಪ್ಪಡಿ

ಹಳೆಯ ಮದರಾಸು ರಸ್ತೆ ಮುಳಬಾಗಿಲಿನ ಒಳಗೇ ಹಾದುಹೋಗುತ್ತಿದ್ದ ಕಾಲದಲ್ಲಿ ದಾರಿಹೋಕರಿಗೆಂದು ಕಟ್ಟಿದ ಛತ್ರವೊಂದು ಇಲ್ಲಿದೆ. ಹೆದ್ದಾರಿ ಊರನ್ನು ಬಳಸಿಕೊಂಡು ಹೋದ ಮೇಲೆ ಅದು ಬೀಗ ಜಡಿಸಿಕೊಂಡು ಬಿದ್ದಿತ್ತು. ಈಚೆಗೆ ಗುತ್ತಿಗೆದಾರನೊಬ್ಬ ಅದನ್ನು ಹೋಟೆಲು ಮಾಡಲು ಹಿಡಿದ. ಕಲ್ಲುಕಂಬಗಳಿಗೆ ಹೊಳೆಯುವ ಬಣ್ಣ, ಹಜಾರಕ್ಕೆ ಏಸಿ, ಕಾರು ನಿಲ್ಲಿಸಲು ಹಿತ್ತಲಿಗೆಲ್ಲ ಸಿಮೆಂಟು. ಮುಂಬಾಗಿಲಿಗೆ ಒಂದು ಫಲಕ: ‘ಜಾತಿ ಮತ ಎಣಿಸದೆ ಸಕಲ ಯಾತ್ರಿಕರಿಗೂ ಅನ್ನವಿಕ್ಕಿದ ಪುಣ್ಯಸ್ಥಳ.’

ಅದು ಸುಳ್ಳು. ಸುಳ್ಳೆಂಬುದಕ್ಕೆ ನನ್ನ ಅಮ್ಮನೇ ಸಾಕ್ಷಿ. ತಾತ ಮಾಲೂರಿನಿಂದ ಹೆಂಚಿನ ಗಾಡಿ ಹೊಡೆಯುತ್ತಿದ್ದರು. ತಾಯಿಯಿಲ್ಲದ ಅಮ್ಮ ಹೆಂಚುಗಳ ನಡುವಿನ ಹುಲ್ಲಿನ ಮೇಲೆ ಕೂತು ಜೊತೆಗೆ ಬರುತ್ತಿದ್ದಳು. ಕೋಲಾರ ದಾಟಿ ಛತ್ರ ಮುಟ್ಟುವ ಹೊತ್ತಿಗೆ ಹೊಟ್ಟೆ ಬೆನ್ನಿಗೆ ಹತ್ತಿರುತ್ತಿತ್ತು. ಮೇಲ್ಜಾತಿಯವರಿಗೆ ಹಜಾರದಲ್ಲಿ ಬಾಳೆಲೆ. ನಮ್ಮವರಿಗೆ ಹಿತ್ತಲಲ್ಲೊಂದು ಕಲ್ಲುಚಪ್ಪಡಿ, ಅದರಲ್ಲಿ ಸಾಲಾಗಿ ಕೊರೆದ ಗುಳಿಗಳು. ಬಡಿಸುವವರು ದೂರ ನಿಂತು ಗುಳಿಗೆ ಅನ್ನ ಎಸೆದು ಸಾರು ಸುರಿಯುತ್ತಿದ್ದರು. ಉಂಡವರೇ ಕಲ್ಲು ತೊಳೆಯಬೇಕು.

ಹಳೆಯದನ್ನೆಲ್ಲ ಹಾಡಿಹೊಗಳುವವರ ಗುಂಪಿಗೆ ನಾನು ಸೇರಿಲ್ಲ. ಅನ್ನದ ಜೊತೆ ಅವಮಾನವನ್ನೂ ಬಡಿಸಿದ ಆ ಪುಣ್ಯವಂತರನ್ನು ಎಷ್ಟು ಖಂಡಿಸುತ್ತೇನೋ, ಆ ಅವಮಾನದ ಗುರುತು ಅಳಿಸಿ ಕಾಫಿ ಮಾರಹೊರಟವರನ್ನೂ ಅಷ್ಟೇ ಖಂಡಿಸುತ್ತೇನೆ. ಹಿತ್ತಲಿನ ಕಲ್ಲು ಇದ್ದಲ್ಲೇ ಇರಲಿ, ಫಲಕ ತಿದ್ದಿ ಎಂದು ಗುತ್ತಿಗೆದಾರನಿಗೆ ಮನವಿ ಕೊಟ್ಟೆ. ಉತ್ತರ ಬರಲಿಲ್ಲ. ನಡಿ, ನಾನೇ ಕೇಳ್ತೀನಿ ಎಂದು ಅಮ್ಮ ಹೊರಟಳು.

ಗುತ್ತಿಗೆದಾರ ನಯವಾಗಿಯೇ ನಕ್ಕ. ಗುಳಿಗಳು ದನ ನೀರು ಕುಡಿಯಲು ಮಾಡಿಸಿದವು, ಅಜ್ಜಿಗೆ ವಯಸ್ಸಾಯಿತು ನೋಡಿ ಎಂದು ನನ್ನ ಕಡೆ ತಿರುಗಿ ಹೇಳಿದ.

“ದನ ಮುಂದ್ಗಡೆ ತೊಟ್ಟೀಲಿ ಕುಡೀತಿದ್ವು ನಾಯನಾ,” ಅಂದಳು ಅಮ್ಮ. “ನಮ್ಮ ಎತ್ತುಗಳ್ನ ಮುಂದ್ಗಡೆ ಬಿಡ್ತಿದ್ರು. ನಮ್ಮನ್ನ ಬಿಡ್ತಿರ್ಲಿಲ್ಲ.” ಮತ್ತೆ ಸೇರಿಸಿದಳು: “ಆ ಕಲ್ಲೂ ಹೋದ್ರೆ ನಾನು ಹೇಳೋದನ್ನ ಯಾರು ನಂಬ್ತಾರೆ?”

ಕಲ್ಲನ್ನು ಒಡೆಯುವುದಿಲ್ಲ ಎಂದು ಅವನು ಮಾತು ಕೊಟ್ಟ. ಒಡೆಯಲಿಲ್ಲ ಕೂಡ. ಉದ್ಘಾಟನೆಯ ದಿನ ಅದು ನಮ್ಮ ಕಣ್ಣಿಗೆ ಬಿದ್ದದ್ದು ಕಾರುಗಳು ಒಳಬರುವ ಗೇಟಿನಲ್ಲಿ. ಚರಂಡಿಯ ಮೇಲೆ ಗುಳಿಗಳನ್ನು ಕೆಳಮುಖ ಮಾಡಿ ಬೋರಲು ಹಾಸಿದ್ದರು. ಮುಕ್ಕಾದ ಅಂಚಿನಲ್ಲಿ ಒಂದು ಗುಳಿಯ ಅರ್ಧ ಬಾಯಿ ಮಾತ್ರ ಕಾಣುತ್ತಿತ್ತು. ಅದರ ಮೇಲೆ ಆಗಲೇ ಟೈರಿನ ಗುರುತು ಮೂಡಿತ್ತು.

ಅಮ್ಮ ಚಪ್ಪಲಿ ಕಳಚಿಟ್ಟಳು. ಕಲ್ಲಿನ ಮುಂದೆ ನೆಲದ ಮೇಲೆ, ಊಟಕ್ಕೆ ಕೂರುವ ಹಾಗೆ, ಚಕ್ಕಳಮಕ್ಕಳ ಹಾಕಿ ಕೂತಳು.

“ಇದನ್ನ ಮಗುಚಿ ಹಾಕಿ. ಎದ್ದೇಳ್ತೀನಿ.”

ಮುಖ್ಯ ಅತಿಥಿಯ ಕಾರು ಅವಳ ಬೆನ್ನ ಹಿಂದೆಯೇ ನಿಂತು ಹಾರ್ನ್ ಹೊಡೆಯಿತು. ಗುತ್ತಿಗೆದಾರ ಓಡಿಬಂದು, ನೀವು ಓದಿದವರು, ತಾಯಿಯನ್ನು ಎಬ್ಬಿಸಿ ಎಂದು ನನಗೆ ಕೈಮುಗಿದ. ನಾನೂ ಚಪ್ಪಲಿ ಬಿಟ್ಟು, ಅಮ್ಮನ ಪಕ್ಕದಲ್ಲಿ, ಅವಳ ನಂತರದ ಗುಳಿ ಇರಬೇಕಾದ ಜಾಗಕ್ಕೆ ಎದುರಾಗಿ ಕೂತೆ.