ಲ್ಯಾವೆಂಡರ್‌ಗೆ ಕೋಳಿ ಗೊಬ್ಬರ

ಕೋಳಿ ಗೊಬ್ಬರದ ನಾತವನ್ನು ನಾನು ಇವತ್ತಿಗೂ ಸಹಿಸಲಾರೆ. ದೊಡ್ಡಬೆಳವಂಗಲದ ಕಡೆ ತೋಟ ಮಾಡುವವರ ಮನೆಗೆ ಸೊಸೆಯಾಗಿ ಬಂದು ತಲೆ ನರೆತರೂ ಅದು ನನ್ನ ಮೂಗಿಗೆ ಒಗ್ಗಲಿಲ್ಲ. ನಮ್ಮ ಯಜಮಾನರಿಗೋ ಅದೇ ಸಂಜೀವಿನಿ. ದ್ರಾಕ್ಷಿಗೂ ಅದೇ, ಬದನೆಗೂ ಅದೇ, ನಾನು ತಡೆಯದಿದ್ದರೆ ತುಳಸಿಗೂ ಅದೇ. ಥೂ!

ಮಗಳು ಬಸುರಿಯಾದಾಗ ಅವಳಿಗೆ ವಿಪರೀತ ವಾಂತಿ. ಒಗ್ಗರಣೆಯ ವಾಸನೆಗೂ ಹೊಟ್ಟೆ ತೊಳಸುತ್ತಿತ್ತು. ಒಣಗಿದ ಲ್ಯಾವೆಂಡರ್ ಹೂವಿನ ಚೀಲವೊಂದನ್ನು ಮೂಗಿಗೆ ಹಿಡಿದರೆ ಮಾತ್ರ ನಾಲ್ಕು ತುತ್ತು ಒಳಗೆ ಹೋಗುತ್ತದೆ ಎಂದು ಫೋನಿನಲ್ಲಿ ಹೇಳಿದ್ದಳು. ನಮ್ಮಲ್ಲಿಗೆ ಬಂದು ಒಂದಷ್ಟು ದಿನ ಇರಲು ಅವಳಿಗೂ ಆಸೆ. ಈ ಮನೆಯ ವಾಸನೆಯದ್ದೇ ಭಯ. ಅದಕ್ಕೇ ನಾನು ನರ್ಸರಿಯಿಂದ ಎರಡು ಲ್ಯಾವೆಂಡರ್ ಗಿಡ ತಂದು, ಅವಳು ಮಲಗುವ ಕೋಣೆಯ ಕಿಟಕಿಯ ಕೆಳಗೆ ಮರಳು ಬೆರೆಸಿ ನೆಟ್ಟೆ. ನೀರು ಕಮ್ಮಿ, ಗೊಬ್ಬರ ಬೇಡವೇ ಬೇಡ ಎಂದಿದ್ದರು ನರ್ಸರಿಯವರು. ಆ ಬೂದು ಎಲೆಯನ್ನು ಉಜ್ಜಿದರೆ ಸಾಕು, ಕೈ ಘಮ್ಮೆನ್ನುತ್ತಿತ್ತು.

"ಗೊಬ್ಬರ ಹಾಕ್ದಲೆ ಯಾವ ಗಿಡ ಬತ್ತದೆ ಹೇಳೇ? ಸೊರಗೋಗವೆ," ಎಂದು ಯಜಮಾನರು ಗೊಣಗಿದರು.

"ಅದರ ತಂಟೆಗೆ ಮಾತ್ರ ಹೋಗ್ಬೇಡಿ," ಎಂದೆ.

ತಂಗಿಯ ಮನೆಯ ಗೃಹಪ್ರವೇಶಕ್ಕೆಂದು ಹೊಸಕೋಟೆಗೆ ಹೋದವಳು ಅಲ್ಲೇ ನಾಲ್ಕೈದು ದಿನ ಉಳಿದೆ. ಬಂದು ನೋಡುತ್ತೇನೆ, ಎರಡೂ ಗಿಡದ ಬುಡಕ್ಕೆ ಮಂಕರಿಗಟ್ಟಲೆ ಹಸಿ ಕೋಳಿ ಗೊಬ್ಬರ! ಮೇಲೆ ನಿಂತ ನೀರು ಬೇರೆ. ಕಾಂಡ ಕೊಳೆತು ಲೋಳೆಯಾಗಿತ್ತು, ಎಲೆ ಕಪ್ಪಾಗಿತ್ತು. ನೊಣ ಮುತ್ತಿದ ಆ ರಾಡಿಯಲ್ಲಿ ಬಿಳಿ ಹುಳುಗಳು ಮಿಜಿಗುಡುತ್ತಿದ್ದವು. ವಾಕರಿಸುತ್ತಲೇ ಎಲ್ಲವನ್ನೂ ಬಾಚಿ ತಿಪ್ಪೆಗೆ ಸುರಿದು ಫಿನಾಯಿಲ್ ಚೆಲ್ಲಿದೆ. ಎರಡೂ ನಾತ ಸೇರಿ ಇನ್ನಷ್ಟು ಅಸಹ್ಯವಾಯಿತು. ಯಜಮಾನರಿಗೆ ಬಾಯಿಗೆ ಬಂದಂತೆ ಬೈದೆ.

ಮಾರನೆಯ ದಿನ ಬೆಳಿಗ್ಗೆ ಮಗಳು ಬಂದಳು. ಕಾರಿನಿಂದ ಇಳಿಯುತ್ತಲೇ ದುಪಟ್ಟಾ ಮೂಗಿಗೆ ಹೋಯಿತು. ಇವರು ತೋಟದಿಂದ ಓಡಿಬಂದು ಅವಳ ಕೆನ್ನೆ ಸವರಿದರು. ಅವಳು ಅಲ್ಲೇ ಗೇಟು ಹಿಡಿದುಕೊಂಡು ವಾಂತಿ ಮಾಡಿಕೊಂಡಳು.

"ಮುಟ್ಬೇಡಪ್ಪಾ... ನಿನ್ ಕೈ ನಾತ."

"ನಿನ್ ಗಿಡ ಚೆನ್ನಾಗ್ ಬರ್ಲಿ ಅಂತ ಹಾಕ್ದೆ ಕಣವ್ವ," ಎಂದರು ಇವರು, ಹಿಂದೆ ಸರಿಯುತ್ತಾ.

ಅವಳಿಗೆ ಒಳಗೆ ಕಾಲಿಡಲೂ ಆಗಲಿಲ್ಲ. ಅಳುತ್ತಾ ಅದೇ ಕಾರಿನಲ್ಲಿ ವಾಪಸು ಹೋದಳು.

ಇವರು ನಲ್ಲಿಯ ಹತ್ತಿರ ಕೂತು ಸೋಪು ಹಚ್ಚಿ ಕೈ ತೊಳೆದರು, ಮೂಸಿ ನೋಡಿದರು, ಮತ್ತೆ ತೊಳೆದರು. ನನ್ನ ಸಿಟ್ಟು ಇಳಿದಿರಲಿಲ್ಲ. ಮಧ್ಯಾಹ್ನ ಮುದ್ದೆ, ಸಾರು ಹಾಕಿ ತಟ್ಟೆಯನ್ನು ಠಪ್ಪೆಂದು ಮುಂದಿಟ್ಟೆ. ಅವರು ಮುದ್ದೆಗೆ ಕೈ ಹಾಕಲಿಲ್ಲ.

"ಒಂದು ಚಮಚ ಕೊಡೇ," ಎಂದರು.