ನಳ ಬರುವ ಮೊದಲು ಚೆಲ್ಲಿದ ನೀರು

ಬೆಟಗೇರಿಯಲ್ಲಿ ನಳಕ್ಕೆ ನೀರು ಬರುವ ದಿನ ಮದುವೆಗೆ ಕರೆದರೂ ಹೆಂಗಸರು ಮನೆ ಬಿಡುವುದಿಲ್ಲ. ವಾರಗಟ್ಟಲೆ ಕಾದ ನೀರು ಅದು. ಬರುತ್ತದೆಂಬ ಖಬರು ಸಿಕ್ಕರೆ ಸಾಕು, ನೀರು ತುಂಬಿಡುವ ಟಾಕಿಯ ತಳದ ಹಳೆಯ ನೀರನ್ನೆಲ್ಲ ಚೆಲ್ಲಿ, ತಿಕ್ಕಿ ತೊಳೆದು ಕಾಯುತ್ತೇವೆ.

ಆ ಖಬರನ್ನು ಓಣಿಯವರ ಮೊಬೈಲಿಗೆ ಕಳಿಸುವ ಪ್ರೋಗ್ರಾಂ ಬರೆದವನು ನನ್ನ ಮೈದುನ. ನಗರಸಭೆಯಿಂದ ಓಣಿಗಳಿಗೆ ನೀರು ಬಿಡುವ ಇಬ್ಬರು ತಮ್ಮ ಫೋನಿನಲ್ಲಿ ಓಣಿಯನ್ನೂ ದಿನವನ್ನೂ ಒತ್ತುತ್ತಿದ್ದರು. ಇಬ್ಬರು ಒತ್ತಿದ್ದೂ ಪ್ರೋಗ್ರಾಮಿನ ಒಂದೇ ಜಾಗಕ್ಕೆ ಹೋಗಿ, ಹಳೆಯದು ಅಳಿಸಿಹೋಗಿ ಹೊಸದು ಕೂರುತ್ತಿತ್ತು. ನಾನೂ ಇದೇ ಕಸುಬಿನವಳು, ಮನೆಯಲ್ಲೇ ಕೂತು ಫಂಕ್ಷನಲ್ ಎಂಬ ಬಗೆಯ ಭಾಷೆಯಲ್ಲಿ ಕೋಡ್ ಬರೆಯುತ್ತೇನೆ. ಅಲ್ಲಿ ಒಮ್ಮೆ ಇಟ್ಟದ್ದನ್ನು ಯಾರೂ ತಿದ್ದುವಂತಿಲ್ಲ. ಬೇಕಾದರೆ ಹೊಸದನ್ನು ಬೇರೆಯೇ ಮಾಡಿಕೊಳ್ಳಬೇಕು.

"ಇಬ್ಬರು ಕೈ ಹಾಕೋ ಜಾಗಾದಾಗ ಹಿಂಗ ಅಳಿಸಿ ಬರೀಬ್ಯಾಡೋ," ಎಂದು ಅವನಿಗೆ ಹೇಳಿದ್ದೆ.

"ವೈನಿ, ನಿಮ್ಮದು ಮಡಿ ಭಾಷಾ. ಅದನ್ನ ಮುಟ್ಟಬ್ಯಾಡ, ಇದನ್ನ ಅಳಿಸಬ್ಯಾಡ! ನಮ್ಮ ಓಣಿಗೆ ಅಷ್ಟೆಲ್ಲಾ ಯಾಕ್ರಿ?" ಎಂದು ನಕ್ಕಿದ್ದ.

ಒಂದು ಬೆಳಿಗ್ಗೆ, ಇವತ್ತೇ ನೀರೆಂದು ನಮ್ಮ ಓಣಿಗೆ ಖಬರು ಬಂತು. ಮನೆಯಲ್ಲಿ ನಾದಿನಿ ಬಾಣಂತಿ. ಅತ್ತೆ ಟಾಕಿ ಬರಿದು ಮಾಡಿಸಿದರು. ಓಣಿಯೆಲ್ಲ ಬರಿದು ಮಾಡಿತು. ನಳ ತಿರುಗಿಸಿದರೆ ಬರೀ ಗಾಳಿ. ತಾಸು ಕಳೆಯಿತು, ಮತ್ತೊಂದು ತಾಸು ಕಳೆಯಿತು. ನೀರು ಬಿಡುವವರಲ್ಲಿ ಒಬ್ಬನಿಗೆ ಫೋನ್ ಮಾಡಿದೆ.

"ಅಕ್ಕಾರ, ನಿಮ್ಮ ಓಣಿದು ಇನ್ನೂ ನಾಕು ದಿನ ಐತ್ರಿ!"

ಕೋಡ್ ತೆರೆದು ನೋಡಿದೆ. ಇಬ್ಬರೂ ಒಟ್ಟಿಗೆ ಒತ್ತಿದ್ದರಿಂದ ಒಬ್ಬನ ಓಣಿಗೆ ಇನ್ನೊಬ್ಬನ ದಿನ ಅಂಟಿಕೊಂಡಿತ್ತು. ಅಷ್ಟರಲ್ಲಿ ಓಣಿಯ ಹೆಂಗಸರು ಖಾಲಿ ಕೊಡ ಹಿಡಿದು ಬಾಗಿಲಿಗೆ ಬಂದರು.

"ಎಲ್ಲಿ ಅದಾನ್ರಿ ನಿಮ್ಮ ಮೈದುನ? ಹೊರಗ ಕಳಸ್ರಿ!"

ಮೈದುನ ಒಳಗೆ ಮುಖ ಸಣ್ಣದು ಮಾಡಿ ಕೂತಿದ್ದ. "ಮಡಿ ಬ್ಯಾಡ ಅಂದ್ಯಲ್ಲ, ಈಗ ಮಾರಿ ತೊಳಿಯಾಕೂ ನೀರಿಲ್ಲ!" ಎಂದು ಹರಿಹಾಯ್ದೆ. ಆ ದಿನ ಬಾಣಂತಿಗೂ ಕೂಸಿಗೂ ಟ್ಯಾಂಕರಿನ ಉಪ್ಪುಪ್ಪು ಸವಳು ನೀರಿನಲ್ಲೇ ಜಳಕವಾಯಿತು. ಅತ್ತೆ ಮಗಳ ಅಂಟು ತಲೆಯನ್ನು ಮತ್ತೆ ಮತ್ತೆ ಒರೆಸಿದರು.

ಮರುದಿನ ಇಬ್ಬರೂ ಕೂತು ಎಲ್ಲವನ್ನೂ ನನ್ನ ಭಾಷೆಯಲ್ಲಿ ಹೊಸದಾಗಿ ಬರೆದೆವು. ಓಣಿ, ದಿನ ಎರಡೂ ಸೇರಿ ಒಂದೇ ಗಂಟು; ಬಂದ ಗಂಟನ್ನು ಬಿಚ್ಚುವುದಿಲ್ಲ, ಅಳಿಸುವುದಿಲ್ಲ. ಬೆನ್ನ ಹಿಂದೆ ಯಾರೋ ಏನೋ ಬದಲಿಸಿರಬಹುದೆಂಬ ಅಂಜಿಕೆ ಇಲ್ಲದೆ ಓದಬಹುದಾದ ಕೋಡ್ ಅದು. ಈ ಭಾಷೆಗೆ ನಾನು ಮನಸೋತದ್ದೇ ಅದಕ್ಕಾಗಿ. ಮೈದುನ ಸಾಲು ಸಾಲಾಗಿ ಕಲಿತ.

ನಾಲ್ಕನೆಯ ದಿನ ಖಬರು ಬಂತು. ಓಣಿಯಲ್ಲಿ ಯಾರೂ ಅಲುಗಾಡಲಿಲ್ಲ.

"ಅತ್ತಿ, ಈ ಸಲ ಖರೇನ ಐತ್ರಿ. ಟಾಕಿ ತೊಳಿಯೂಣ್ರಿ," ಎಂದೆ.

ಅತ್ತೆ ಬಕೀಟನ್ನು ನನ್ನ ಕೈಗಿಟ್ಟರು. "ಆ ಪ್ರೋಗ್ರಾಂ ಬರದಾಕಿ ನೀನ. ನೀನ ಚೆಲ್ಲು."

ಟಾಕಿಯ ತಳದಲ್ಲಿ ಟ್ಯಾಂಕರಿನ ನೀರು ಒಂದಿಷ್ಟು ಉಳಿದಿತ್ತು. ಒಳಗೆ ಕೂಸು ಅಳತೊಡಗಿತು. ನನ್ನ ಕೋಡಿನಲ್ಲಿ ತಪ್ಪಿಲ್ಲವೆಂದು ನನಗೆ ಗೊತ್ತಿತ್ತು. ಆದರೂ ನಳದಲ್ಲಿ ನೀರಿನ ಸಪ್ಪಳ ಕಿವಿಗೆ ಬೀಳುವವರೆಗೂ ನನ್ನ ಕೈ ಏಳಲಿಲ್ಲ.