ಬಾಯಿಗೆ ಬರಬಾರದ ಹೆಸರು

ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನೀವು ಓದಿಬಿಡುತ್ತೀರಿ. ಕನ್ನಡದ ಕಷ್ಟವೇ ಅದು.

ಬೇಗೂರಿನ ನಮ್ಮ ಫ್ಲ್ಯಾಟಿನಲ್ಲಿ, ವಾರ್ಡ್‌ರೋಬಿನ ಸೀರೆಗಳ ನಡುವೆ ತಲೆ ತೂರಿಸಿಕೊಂಡು, ಒಂದು ಆಡಿಯೋ ಆ್ಯಪಿಗೆ ನಾನು ಕಥೆ ಓದುತ್ತಿದ್ದೆ. ಹೊರಗಿನ ಸದ್ದು ಮೈಕಿಗೆ ಬೀಳಬಾರದಲ್ಲ. ಆ ಸಲ ಬಂದದ್ದು ಇಂಗ್ಲಿಷಿನಿಂದ ಅನುವಾದವಾದ ಭಯದ ಕಥೆ. ನಕ್ಷತ್ರಗಳಾಚೆಯಿಂದ ಬಂದ ಒಂದು ರಾಕ್ಷಸ, ಕಚ್ಚುವುದಿಲ್ಲ, ಕೊಲ್ಲುವುದಿಲ್ಲ. ಅದರ ಹೆಸರನ್ನು ಸರಿಯಾಗಿ ಉಚ್ಚರಿಸಿದವರ ಬುದ್ಧಿ ಒಡೆಯುತ್ತದೆ, ಅಷ್ಟೆ. ಮೊದಲಿಗೆ ಪರಿಚಿತರ ಮುಖ ಗುರುತು ಸಿಗುವುದಿಲ್ಲ, ಆಮೇಲೆ ಮಾತು ಹೋಗುತ್ತದೆ, ಕೊನೆಗೆ ಬಾಯಲ್ಲಿ ಉಳಿಯುವುದು ಆ ಹೆಸರೊಂದೇ. ಇಂಗ್ಲಿಷಿನವರು ಬಚಾವು: ಸ್ವರವೇ ಇಲ್ಲದ ಅಕ್ಷರಗಳ ರಾಶಿ, ನಾಲಿಗೆ ಹೊರಳುವುದಿಲ್ಲ. ನಮ್ಮ ಅನುವಾದಕ ಮಹಾಶಯರು ಒತ್ತು, ಗುಣಿತ ಎಲ್ಲ ಕೊಟ್ಟು ನೀಟಾಗಿ ಬರೆದಿದ್ದರು. ಬರೆದಂತೆ ಓದುವ ಭಾಷೆ. ಮೊದಲ ಸಲಕ್ಕೇ ಸಲೀಸಾಗಿ ಹೇಳಿಬಿಟ್ಟೆ.

ನಗು ಬಂತು. ಮರುಕ್ಷಣವೇ ಮೈಕ್ ಆಫ್ ಮಾಡಿ ಕಿವಿಗೊಟ್ಟೆ. ಪಕ್ಕದ ಕೋಣೆಯಲ್ಲಿ ನನ್ನ ಮಗಳು ಆಡುತ್ತಿದ್ದಳು. ಮೂರು ವರ್ಷ ತುಂಬುತ್ತ ಬಂದಿದ್ದರೂ ಅವಳು ಒಂದು ಮಾತು ಆಡಿರಲಿಲ್ಲ. "ಕಿವಿ ಚೆನ್ನಾಗಿದೆ, ವೆಯ್ಟ್ ಮಾಡಿ" ಅಂದಿದ್ದರು ಡಾಕ್ಟರು. ಕಾದು ಕಾದು, ಬೇರೆ ಮಕ್ಕಳ ಬಾಯಲ್ಲಿ "ಅಮ್ಮ" ಕೇಳಿದರೂ ನನಗೆ ಸಿಟ್ಟು ಬರುತ್ತಿತ್ತು.

ಆ್ಯಪಿನವನಿಗೆ ಫೋನ್ ಮಾಡಿದೆ. "ಆ ಹೆಸರು ನುಂಗಿಬಿಡ್ಲಾ?"

"ಅಯ್ಯೋ ಬೇಡ ಮೇಡಂ, ಕ್ಲಿಯರ್ ಆಗಿ ಹೇಳಿ. ಅದೇ ಹೈಲೈಟು. ತಲೆ ಕೆಡಿಸ್ಕೋಬೇಡಿ!"

ಗಂಡ ಬೊಮ್ಮಸಂದ್ರದ ಫ್ಯಾಕ್ಟರಿಗೆ ಸೆಕೆಂಡ್ ಶಿಫ್ಟಿಗೆ ಹೊರಟ ಮೇಲೆ, ದಿನಾ ಮಧ್ಯಾಹ್ನ ಓದಿದೆ. ಸಾರಿಗೆ ಹುಣಸೆ ಕಿವುಚುವಾಗಲೂ ನಾಲಿಗೆ ತಾನೇ ತಾನಾಗಿ ಅದನ್ನು ಹೇಳುತ್ತಿತ್ತು. ಒಂದು ದಿನ ಲಿಫ್ಟಿನಲ್ಲಿ ಎದುರು ಮನೆಯಾಕೆ ನಕ್ಕರು, ಆ ಕ್ಷಣ ಯಾರೆಂದು ಹೊಳೆಯಲಿಲ್ಲ. ಕಥೆ ಕಣೇ, ಬರೀ ಕಥೆ, ಎಂದು ನನ್ನನ್ನು ನಾನೇ ಗದರಿಸಿಕೊಂಡೆ. ಹೆದರಿಕೆ ಹೋಗಲಿಲ್ಲ.

ಕೊನೆಯ ಅಧ್ಯಾಯ ಮುಗಿಸಿ ಸೀರೆಗಳ ನಡುವಿನಿಂದ ತಲೆ ಹೊರತೆಗೆದಾಗ ಮಗಳು ಬಾಗಿಲಲ್ಲಿ ನಿಂತಿದ್ದಳು. ನನ್ನನ್ನೇ ನೋಡಿ, ಬಾಯಿ ತೆರೆದು, ಆ ಹೆಸರು ಹೇಳಿದಳು. ಪೂರ್ತಿಯಾಗಿ, ಒಂದು ಒತ್ತೂ ತಪ್ಪದೆ.

ಓಡಿಹೋಗಿ ಅವಳ ಬಾಯಿ ಮುಚ್ಚಬೇಕೆನಿಸಿತು. "ಅಮ್ಮ ಅನ್ನು ಕಂದಾ, ಅಮ್ಮ" ಅಂದೆ. ಅವಳು ಎರಡೂ ಕೈ ಚಾಚಿ, ಎತ್ತಿಕೋ ಎಂಬಂತೆ, ಮತ್ತೆ ಅದೇ ಹೆಸರು ಕೂಗಿದಳು. ನನ್ನನ್ನು ಕರೆಯುತ್ತಿದ್ದಳು.

ನಾನು "ಓ" ಎಂದೆ.